ಕಣ್ಣೀರಿಗೆ ಬ್ಯಾಟ್ರಿ ಚಾರ್ಜ್ ಆಗೂದಿಲ್ರೀ

ಅಲ್ರೀ, ವೈಜ್ಞಾನಿಕ ಕಥಿ ಬರಿಯೋರ, ಇದೊಂದ ಕಥಿ ಇನ್ನೂ ಎಷ್ಟ್ ಸಲ ಬರಿಯೋರು ನೀವು? ಹಾದ್ಯಾಗ ರೋಬಾಟ್ ಕೆಟ್ಟು ನಿಂತಿರ್ತೇತಿ. ಮಳಿ ಬರ್ತಿರ್ತೇತಿ, ಬರಾಕ ಬೇಕಲಾ. ಯಾವನೋ ಹಾದಿಹೋಕ ಬರ್ತಾನ, ತಲಿ ಸವರ್ತಾನ, ಎದಿ ಮುಚ್ಚಳ ತಗದು ಎರಡು ವೈರ್ ಕೂಡಸ್ತಾನ, ಕಣ್ಣಾಗ ನೀಲಿ ಲೈಟ್ ಹತ್ತತೇತಿ. ಈಗೀಗ ಇದನ್ನ ನಮ್ಮ ಕಡೆನೂ ತಂದ್ ಹಚ್ಚೀರಿ. ಅಣ್ಣಿಗೇರಿ ರೋಡು, ಎರಿ ಹೊಲ, ಚಕ್ಕಡಿ ಹೊಡಕೊಂಡ್ ಬರೂ ಮುಗ್ಧ ರೈತ. ಮುಗ್ಧ ಅಂತ! ಹುಬ್ಬಳ್ಳಿ–ಗದಗ ರೋಡಿನ್ಯಾಗ ಗಾಡಿ ಕೆಟ್ಟು ನಿಲ್ಲಿಸಿ ನೋಡ್ರಿ. ಹೋಗೋರು ಬರೋರು ನಿಂತು ಬಾನೆಟ್ಟಿನ್ಯಾಗ ತಲಿ ಹಾಕ್ತಾರ, ಒಬ್ಬಂವ ಟರ್ಮಿನಲ್ ಅಳ್ಳಾಡಿಸಿ ನೋಡ್ತಾನ, ಇನ್ನೊಬ್ಬಂವ 'ಮೊದ್ಲ ಫ್ಯೂಸ್ ನೋಡ್ರಿ' ಅಂತಾನ. ಹೊಲದಾಗ ನಿಂತ ಟ್ರ್ಯಾಕ್ಟರ್ ಹೊಲದಾಗ ಬಿಚ್ಚಿ ಕೂಡಿಸೂ ಮನಷ್ಯಾಗ ನಿಮ್ಮ ಕಥ್ಯಾಗ ಬರೇ ತಲಿ ಸವರೂ ಕೆಲಸ. ಸಿಟ್ಟು ಬರೂದು ಅದಕ್ಕ.

ಬ್ಯಾಟ್ರಿ ತಗೋರಿ. 48 ವೋಲ್ಟಿನ ಲಿಥಿಯಂ ಪ್ಯಾಕ್ ಅಂತ ಹಿಡೀರಿ, ಸಾಲಾಗಿ 13 ಸೆಲ್, ಪೂರ್ತಿ ತುಂಬಿದ್ರ ಒಂದೊಂದು 4.2, ಒಟ್ಟು 54.6 ವೋಲ್ಟ್. ಸೆಲ್ 3 ವೋಲ್ಟಿನ ಆಜೂಬಾಜೂ ಇಳೀತಂದ್ರ ಒಳಗಿನ ಬಿಎಂಎಸ್ ಬೋರ್ಡ್, ಅಂದ್ರ ಸೆಲ್ ಕಾಯೂ ಬೋರ್ಡ್, ಔಟ್‌ಪುಟ್ ಕಟ್ ಮಾಡ್ತೇತಿ. ಹೊರಗ ಮೀಟರ್ ಹಿಡದ್ರ ಸೊನ್ನಿ. ಪ್ಯಾಕ್ ಸತ್ತಿರೂದಿಲ್ಲ, ಬಾಗಲಾ ಹಾಕ್ಕೊಂಡಿರ್ತೇತಿ. ಚಾರ್ಜರಿನ ವೋಲ್ಟೇಜ್ ಕಾಣೂತನಕ ಭಾಳಷ್ಟು ಬೋರ್ಡ್ ಅದನ್ನ ತಗಿಯೂದಿಲ್ಲ. ನೀವು ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟ್ರಿಯಿಂದ ಎರಡು ಕೇಬಲ್ ಎಳದು ಎಬ್ಬಿಸಿಬಿಡ್ತೀರಿ! 12ರಿಂದ 48ಕ್ಕ ಕರೆಂಟ್ ಹತ್ತೂದಿಲ್ರೀ. ಬಿಎಂಎಸ್ ತಪ್ಪಿಸಿ ಸೀದಾ ಸೆಲ್ಲಿಗೆ ಹಚ್ಚಿದ್ರ ಉಲ್ಟಾ ಹರೀತೇತಿ. 'ಖಾಲಿ' ಪ್ಯಾಕಿನ್ಯಾಗೂ 39 ವೋಲ್ಟ್ ಇರ್ತೇತಿ, ಅದೆಲ್ಲಾ ಟ್ರ್ಯಾಕ್ಟರ್ ಬ್ಯಾಟ್ರಿ ಮ್ಯಾಲ ಬಿದ್ದು ಆಸಿಡ್ ಕುದ್ದು ಹೈಡ್ರೋಜನ್ ಏಳ್ತೇತಿ. ಆಮ್ಯಾಲ ಒಂದ ಕಿಡಿ.

ಮಾಡೂ ರೀತಿ ಐತಿ. ಟ್ರ್ಯಾಕ್ಟರ್ ಚಾಲೂ ಇಟ್ಟು, ನಡಕ ವೋಲ್ಟೇಜ್ ಏರಸೂ, ಕರೆಂಟಿಗೆ ಮಿತಿ ಹಾಕಾಕ ಬರೂ ಬೂಸ್ಟ್ ಕನ್ವರ್ಟರ್ ಕೂಡಿಸಿ, 54.6ಕ್ಕ ಸೆಟ್ ಮಾಡಿ, 20 ಆಂಪಿಯರ್-ಅವರ್ ಪ್ಯಾಕ್ ಇದ್ರ ಮೊದ್ಲ 2 ಆಂಪಿಯರ್ ಅಷ್ಟ ಬಿಡೂದು. ಟ್ರ್ಯಾಕ್ಟರ್ ಕಡೆಯಿಂದ ಏಳೆಂಟು ಆಂಪಿಯರ್ ಎಳೀತೇತಿ, ಅಷ್ಟು ಕೊಡ್ತೇತಿ ಅದು. ತಾಸಿಗೆ ಹತ್ತನೇ ಒಂದು ಪಾಲು ತುಂಬತೇತಿ. ಒಂದು ತಾಸು ಹಾದಿಹೋಕ ಬದುವಿನ ಮ್ಯಾಲ ಕುಂತು ಕಾಯಬೇಕು. ಮಾತುಕತಿ ಬರಿಯಾಕ ಇದಕ್ಕಿಂತ ಒಳ್ಳೇ ಜಾಗಾ ಬೇಕೇನ್ರೀ? ಅದನ್ನ ಬಿಟ್ಟು ನೂರು ವರ್ಷ ಮಣ್ಣಾಗ ಹೂತಿದ್ದ ರೋಬಾಟನ್ನ ಒಂದ ಚಿಟಿಕ್ಯಾಗ ಎಬ್ಬಸ್ತೀರಿ. ಲಿಥಿಯಂ ಸೆಲ್ ಪೂರಾ ಇಳದು ಬಿದ್ದಿತ್ತಂದ್ರ ಒಳಗಿನ ತಾಮ್ರದ ಹಾಳಿ ಕರಗತೇತಿ, ತಿರಗಿ ಚಾರ್ಜ್ ಮಾಡಿದಾಗ ಆ ತಾಮ್ರ ಬ್ಯಾರೆ ಕಡೆ ಕೂತು ಒಳಗ ಶಾರ್ಟ್ ಮಾಡ್ತೇತಿ. ಏಳೂದು ರೋಬಾಟ್ ಅಲ್ಲ, ಹೊಗಿ. 2014ರಾಗ ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ವಿಕ್ಟೋರಿಯಾತನಕ ಗುರುತಿಲ್ಲದವ್ರ ಕಾರಿನ್ಯಾಗ ಕುಂತು ಹೋತಲಾ ಹಿಚ್‌ಬಾಟ್ ಅನ್ನೂ ರೋಬಾಟ್, ಅದಕ್ಕ ನಡಿಯಾಕ ಬರ್ತಿರಲಿಲ್ಲ. ಆದ್ರ ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಚಾರ್ಜ್ ಆಗೂಹಂಗ ಮಾಡಿದ್ರು. ಸಹಾಯ ಮಾಡೋರ ಕೈಯಾಗ ಏನಿರ್ತೇತಿ ಅಂತ ಮೊದ್ಲ ಲೆಕ್ಕ ಹಾಕಿದ್ರು, ತಿಳೀತಾ? (2015ರಾಗ ಫಿಲಡೆಲ್ಫಿಯಾದಾಗ ಯಾರೋ ಮುರದು ಒಗದ್ರು, ಆ ಮಾತು ಬ್ಯಾರೆ.)

ಇನ್ನ ನಿಮ್ಮ 'ಹಿಂದಿನಿಂದ ದಬ್ಬಿದ' ಅನ್ನೂ ಸಾಲು. ಗಾಲಿ ಮೋಟರಿಗೆ ಸ್ಪ್ರಿಂಗ್ ಬ್ರೇಕ್ ಇದ್ರ ಕರೆಂಟ್ ಹೋದಾಗ ಅದು ಬಿಡೂದಿಲ್ಲ, ಹಿಡೀತೇತಿ. ಲಿಫ್ಟಿನ್ಯಾಗ, ಕರೆಂಟಿನ ವೀಲ್‌ಚೇರಿನ್ಯಾಗ ಇರೂದೂ ಇದ. ಮೋಟರ್ ಬಾಜೂಕ ಬಿಡಸೂ ಲಿವರ್ ಇರ್ತೇತಿ, ಎರಡೂ ಕಡೆ ತಿರುವಿ ಆಮ್ಯಾಲ ದಬ್ಬಬೇಕು, ಅದೂ ನಡಗಿ ವೇಗದಾಗ. ಬೈಕಿಗೆ ಹಗ್ಗಾ ಕಟ್ಟಿ ಎಳದ್ರ ಮೋಟರ್ ಜನರೇಟರ್ ಆಗಿ ಕಂಟ್ರೋಲರ್ ಬೋರ್ಡ್ ಸುಡ್ತೇತಿ. ಎರಿ ಮಣ್ಣಾಗ ಸಿಕ್ಕಿದ್ರಂತೂ ಗಾಲಿ ತಿರುಗಿಸಿದಷ್ಟೂ ಒಳಗ ಹೋಗೂದು. ಮೊದ್ಲ ಗಾಲಿಗೆ ಮೆತ್ತಿದ್ದನ್ನ ಕೆರದು ತಗದು, ಹಲಗಿ ಮ್ಯಾಲ ಜ್ಯಾಕ್ ಇಟ್ಟು ಎತ್ತಿ, ಗಾಲಿ ಕೆಳಗ ಒಣಾ ಕಣಿಕಿ ತುರುಕಬೇಕು. ಕಣಿಕಿ ನಿಮ್ಮ ಕಥ್ಯಾಗಿನ ಚಕ್ಕಡಿಯೊಳಗ ಐತಲ್ರೀ, ಎತ್ತುಗಳು ಬರೇ ಚಂದಕ್ಕ ಅದಾವೇನು?

ಎಷ್ಟೋ ಸಲ ಏನೂ ಕೆಟ್ಟಿರೂದ ಇಲ್ಲ. ಯಂತ್ರ ನಿಲ್ಲಸಾಕ ಮೈಮ್ಯಾಲಿರೂ ಕೆಂಪು ತುರ್ತು ಬಟನ್ ಯಾವುದೋ ಟೊಂಗಿ ಬಡದು ಒತ್ತಿಹೋಗಿರ್ತೇತಿ. ಬಾಣದ ಗುರುತಿನ ಕಡೆ ತಿರುವಿದ್ರ ಹೊರಗ ಬರ್ತೇತಿ. ಬಂದ ಕೂಡ್ಲೆ ಯಂತ್ರ ಚಾಲೂ ಆಗಬಾರದು, ರೀಸೆಟ್ ಬ್ಯಾರೆ ಒತ್ತಬೇಕು. ಕೈ ಒಳಗಿದ್ದಂವನ ಬೆರಳು ಉಳೀಲಿ ಅಂತ ಮಾಡಿದ್ದು ಅದು. ಇದನ್ನ ಒಬ್ಬರೂ ಬರದಿಲ್ಲ.

ನಿಜವಾಗಿ ಸಿಕ್ಕೊಂಡ ರೋಬಾಟ್ ಸುದ್ದಿ ಒಂದ್ ಸಲಾನರ ಓದ್ರಿ. ಮಂಗಳದ ಮ್ಯಾಲ ನಾಸಾದ ಸ್ಪಿರಿಟ್ ರೋವರಿನ, ಅಂದ್ರ ಗಾಲಿ ಮ್ಯಾಲ ತಿರಗೂ ರೋಬಾಟಿನ, ಮುಂದಿನ ಬಲಗಾಲಿ 2006ರಾಗ ನಿಂತ್ಹೋತು, 2009ರ ಮೇದಾಗ ಮೆತ್ತನ ಉಸುಕಿನ್ಯಾಗ ಹೂತಿತು. ನಾಸಾದವ್ರು ಇಲ್ಲೆ ಭೂಮಿ ಮ್ಯಾಲ ಅಂಥಾದ ಮಣ್ಣು ಹಾಸಿ, ಇನ್ನೊಂದು ರೋವರ್ ನಿಲ್ಲಿಸಿ, ಹೆಂಗ ತಗೀಬೇಕಂತ ತಿಂಗಳಗಟ್ಟಲೆ ನೋಡಿದ್ರು. ಆಗಲಿಲ್ಲ. ಚಳಿಗಾಲದ ಸೂರ್ಯಾ ಉತ್ತರಕ್ಕ ಸರದ, ಸೋಲಾರ್ ಪ್ಲೇಟ್ ಆ ಕಡೆ ವಾಲಿಸಾಕ ಬರಲಿಲ್ಲ, 2010ರ ಮಾರ್ಚ್ 22ಕ್ಕ ಕಡೀ ಸಂದೇಶ. ಅಲ್ಲಿ ಒಬ್ಬ ಹಾದಿಹೋಕ ಬಂದಿದ್ರ? ಸುಮಾರು 180 ಕೆಜಿ ಯಂತ್ರ ಮಂಗಳದಾಗ 70 ಕೆಜಿಯಷ್ಟ ಭಾರ. ದಕ್ಷಿಣದ ಬಾಜೂ ಎತ್ತಿ ಕೆಳಗ ಕಲ್ಲಿಟ್ಟಿದ್ರ ಸಾಕಿತ್ತು. ಇಂಥಾ ಕಥಿ ಬರೀರಿ, ಯಾರ್ ಬ್ಯಾಡಂತಾರ?

ಮತ್ತ ಆ ಕಡೀ ಸಾಲು, 'ರೋಬಾಟ್ ಮನಿ ಕಡೆ ಹೊಂಟಿತು'. ಕರೆಂಟಿಲ್ಲದ ಯಂತ್ರಾನ ಎತ್ತಿ ಬ್ಯಾರೆ ಕಡೆ ಇಟ್ರ, ಅದಕ್ಕ ತಾನು ಎಲ್ಲಿದೀನಿ ಅನ್ನೂದ ತಪ್ಪತೇತಿ. ಗಾಲಿ ಎಷ್ಟು ಸುತ್ತು ತಿರುಗ್ಯಾವಂತ ಎಣಿಸಿ ಜಾಗಾ ಲೆಕ್ಕ ಹಾಕೂ ಯಂತ್ರ ಅದು, ಎತ್ತಿದ್ದು ಲೆಕ್ಕದಾಗ ಬರೂದಿಲ್ಲ. ರೋಬಾಟಿಕ್ಸಿನ್ಯಾಗ ಇದಕ್ಕ 'ಕಿಡ್ನ್ಯಾಪ್ ಆದ ರೋಬಾಟ್' ಸಮಸ್ಯೆ ಅಂತನ ಹೆಸರು. ನಿಮ್ಮ ರೋಬಾಟ್ ಹೊಂಟಿದ್ದು ಮನಿ ಕಡೆ ಅಲ್ಲ, ಬೆಣ್ಣಿಹಳ್ಳದ ಕಡೆ. ಎತ್ತೂ ಮೊದ್ಲ ಗಾಲಿ ಎಲ್ಲಿತ್ತು, ಮುಖ ಯಾ ಕಡೆ ಇತ್ತು ಅಂತ ನೆಲದ ಮ್ಯಾಲ ಎರಡು ಗೀರು ಹಾಕಿ, ಆಮ್ಯಾಲ ಅಲ್ಲೆ ಹಂಗ ಇಟ್ರ ಆತು. ಆ ಎರಡು ಗೀರು ಚಕ್ಕಡಿಯವನ ಕೈಲೆ ಹಾಕಸಾಕ ನಿಮಗೇನ್ರಿ ತ್ರಾಸು?