ಮೊದಲು ಮನೆ, ಆಮೇಲೆ ಸೈಟು

ನಮ್ಮವರಿಗೆ ಮೊದಲು ಸೈಟು, ಆಮೇಲೆ ಮನೆ. 'ಮನೆ ಕಟ್ಟಿ ನೋಡು' ಅನ್ನುವ ಗಾದೆಗೂ ಮುಂಚೆ 'ಸೈಟು ಹುಡುಕಿ ನೋಡು' ಅಂತ ಒಂದು ಇರಬೇಕಿತ್ತು. ಎ ಖಾತಾನಾ ಬಿ ಖಾತಾನಾ ಅಂತ ವಿಚಾರಿಸದೆ ಅಡ್ವಾನ್ಸ್ ಕೊಡುವವರನ್ನು ನಾವು ಹುಚ್ಚರ ಲೆಕ್ಕಕ್ಕೆ ಸೇರಿಸುತ್ತೇವೆ. ಕ್ಯಾಲಿಫೋರ್ನಿಯಾದ ಲಾಕ್ ಎಂಬಲ್ಲಿ ಮೊದಲು ಊರೇ ಎದ್ದಿತು. ಸೈಟು ಮಾರಾಟಕ್ಕೆ ಬಂದಿದ್ದು 89 ವರ್ಷ ಬಿಟ್ಟು!

ಸ್ಯಾಕ್ರಮೆಂಟೊ ನದಿಯ ದಂಡೆಯಲ್ಲಿದೆ ಇದು. ಊರು ಅನ್ನುವುದೂ ಸ್ವಲ್ಪ ಜಾಸ್ತಿಯೇ. ಒಂದು ಪೇಟೆ ಬೀದಿ, ಅದರ ಹಿಂದೆ ಮನೆಗಳು. ಈಗ ನೂರು ಜನವೂ ಇಲ್ಲ. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ. ಏನಾದರೂ ಆಗಬೇಕೆಂದರೆ ಕೌಂಟಿಯವರನ್ನೇ, ಅಂದರೆ ನಮ್ಮ ಜಿಲ್ಲಾಡಳಿತದಂಥವರನ್ನೇ ಹಿಡಿಯಬೇಕು.

ಈ ಕಡೆಯ ನೆಲವೆಲ್ಲ ಒಂದು ಕಾಲಕ್ಕೆ ಜೌಗು. ನದಿಯ ಉದ್ದಕ್ಕೂ ಮಣ್ಣು ಹೊತ್ತು ಏರಿ ಹಾಕಿ, ನೀರು ಬಸಿದು ಹೊಲ ಮಾಡಿದ್ದರಲ್ಲಿ ಚೀನೀ ಕೂಲಿಗಳ ಬೆವರು ಬಹಳ. ಆಮೇಲೆ 1913ರಲ್ಲಿ ರಾಜ್ಯ ಒಂದು ಕಾನೂನು ತಂದಿತು: ಪೌರತ್ವ ಪಡೆಯಲು ಅರ್ಹರಲ್ಲದ ವಿದೇಶಿಯರು ಜಮೀನು ಕೊಳ್ಳುವಂತಿಲ್ಲ. ಯಾರು ಅರ್ಹರಲ್ಲ? ಏಷ್ಯಾದವರು. ಹೆಸರು ಹೇಳದೆ ಬೆರಳು ತೋರಿಸುವ ಜಾಣತನ ನೋಡಿ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪ್ರಕರಣದಲ್ಲಿ ಭಾರತೀಯರಿಗೂ ಪೌರತ್ವವಿಲ್ಲ ಎಂದಿತು. ಅಲ್ಲಿನ ಪಂಜಾಬಿ ರೈತರೂ ಬೇರೆಯವರ ಹೆಸರಲ್ಲಿ ಜಮೀನು ಮಾಡಿಕೊಂಡು ಒದ್ದಾಡಿದರು.

1915ರಲ್ಲಿ ಪಕ್ಕದ ವಾಲ್‌ನಟ್ ಗ್ರೋವ್‌ನ ಚೀನೀ ಕೇರಿ ಬೆಂಕಿಗೆ ಬೂದಿಯಾಯಿತು. ಅಲ್ಲಿದ್ದ, ಚೀನಾದ ಝೋಂಗ್‌ಶಾನ್ ಕಡೆಯವರು ಜಾರ್ಜ್ ಲಾಕ್ ಎಂಬ ಜಮೀನ್ದಾರನ ಹತ್ತಿರ ಹೋಗಿ ಕೇಳಿದರು. ಅವನು ಒಪ್ಪಿದ. ನೆಲ ಲಾಕ್ ಮನೆಯವರದು, ಬಾಡಿಗೆ ಕೊಡಬೇಕು. ಮೇಲೆ ಕಟ್ಟಿಕೊಂಡಿದ್ದು ಕಟ್ಟಿದವರದು. ಇದಕ್ಕೆ ಪತ್ರ ಗಿತ್ರ ಏನೂ ಇಲ್ಲ, ಬರೀ ಬಾಯಿಮಾತು. ನಮ್ಮ ಕಡೆ ಅಣ್ಣತಮ್ಮಂದಿರ ನಡುವೆಯೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ, ಅಲ್ವಾ?

ಕಟ್ಟಿದ ರೀತಿ ಮಾತ್ರ ನೋಡುವಂಥದ್ದು. ಏರಿಯ ಮೇಲೆ ರಸ್ತೆ, ಏರಿಯ ಕೆಳಗೆ ಪೇಟೆ ಬೀದಿ. ನಡುವಿನ ಇಳಿಜಾರಿಗೆ ಆತು ನಿಂತ ಎರಡಂತಸ್ತಿನ ಮರದ ಕಟ್ಟಡಗಳು. ನದಿ ಕಡೆಯ ಬಾಗಿಲಲ್ಲಿ ನೆಟ್ಟಗೆ ಒಳಗೆ ಹೋದರೆ ಮಹಡಿಯಲ್ಲಿರುತ್ತೀರಿ. ಮೆಟ್ಟಿಲಿಳಿದು ಆ ಕಡೆ ಹೊರಬಿದ್ದರೆ ಪೇಟೆ. ತಲೆ ಮೇಲೆ ಮುಂಚಾಚಿದ ಬಾಲ್ಕನಿ, ಕಾಲ ಕೆಳಗೆ ಹಲಗೆ ಹಾಸಿದ ಕಾಲುದಾರಿ. ದಿನಸಿ ಅಂಗಡಿ, ಬೇಕರಿ, ಗಿಡಮೂಲಿಕೆ ಅಂಗಡಿ, ಜೂಜಿನ ಮನೆ, ಚೀನೀ ಶಾಲೆ ಎಲ್ಲ ಇತ್ತು. ಮರಸೇಬು (ಪಿಯರ್), ಆಸ್ಪರಾಗಸ್ ತರಕಾರಿ ಕೊಯ್ಲಿನ ಕೂಲಿಗಳು ಬಂದಾಗ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ದಾಯ್ ಲಾಯ್ ಎಂಬ ಜೂಜಿನ ಮನೆ ಈಗ ಮ್ಯೂಸಿಯಂ ಆಗಿದೆ. ಕೂಲಿಗಳ ಸಂಬಳ ನುಂಗಿದ ಜಾಗವನ್ನು ನಾವು ಅಯ್ಯೋ ಎಷ್ಟು ಚೆನ್ನಾಗಿದೆ ಅಂತ ಫೋಟೋ ತೆಗೆಯುತ್ತೇವೆ.

1952ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟೇ ಆ ಜಮೀನು ಕಾನೂನನ್ನು ಹೊಡೆದುಹಾಕಿತು. ಆದರೆ ಲಾಕ್‌ನ ನೆಲ ಮಾತ್ರ ಒಂದೇ ಇಡಿ ತುಂಡಾಗಿ ಉಳಿಯಿತು. ಮಾಡು ಸೋರುತ್ತಿದ್ದವರು ಸಾಲ ಎತ್ತೋಣವೆಂದರೆ ತೋರಿಸಲು ನೆಲವಿಲ್ಲ. ಗೋಡೆಗಳು ಪಕ್ಕದ ಗೋಡೆಗೆ ವಾಲಿಕೊಂಡವು. 1990ರಲ್ಲಿ ಸರಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಸಾರಿತು. ಗೌರವ ಸಿಕ್ಕಿತು, ಸೈಟು ಸಿಗಲಿಲ್ಲ. ಕೊನೆಗೆ 2004ರಲ್ಲಿ ನೆಲ ಭಾಗ ಮಾಡಿ, ಮನೆಯಿದ್ದವರಿಗೆ ಅವರವರ ಮನೆಯಡಿಯ ಜಾಗ ಕೊಳ್ಳಲು ಬಿಟ್ಟರು.

ಆ ಹೊತ್ತಿಗೆ ಊರಲ್ಲಿ ಉಳಿದಿದ್ದ ಚೀನೀಯರು ಬೆರಳೆಣಿಕೆಯಷ್ಟು. ಹೊಲದ ಕೂಲಿ ತಮ್ಮ ತಲೆಗೇ ಸಾಕು ಎಂದು ಹಿರಿಯರು ಮಕ್ಕಳನ್ನು ಓದಿಸಿದ್ದರು. ಆ ಮಕ್ಕಳು ಪೇಟೆ ಪಟ್ಟಣ ಸೇರಿ, ಅಲ್ಲೇ ತಮ್ಮ ಹೆಸರಿಗೆ ಮನೆ ಮಾಡಿಕೊಂಡಿದ್ದರು.