ಸತ್ಯಾಂಶ: ರೇಗನ್‌ಗೆ ಶೇ 98ರಷ್ಟು ಮತ ಬಿದ್ದಿರಲಿಲ್ಲ

‘1984ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಶೇ 98ರಷ್ಟು ಮತ ಪಡೆದು ಮರು ಆಯ್ಕೆಯಾದರು’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತದೆ. ಇದು ತಪ್ಪು. ಅವರು 50 ರಾಜ್ಯಗಳಲ್ಲಿ 49ನ್ನು ಗೆದ್ದದ್ದು ನಿಜ. ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವುದು ರಾಜ್ಯವಾರು ಹಂಚಿಕೆಯಾದ ಪ್ರತಿನಿಧಿಗಳ ಮತಗಳು, ಅಂದರೆ ಎಲೆಕ್ಟೋರಲ್ ಮತಗಳು. ಅಂಥ 538 ಮತಗಳಲ್ಲಿ 525, ಅಂದರೆ ಸುಮಾರು ಶೇ 98, ಅವರ ಪಾಲಾದವು. ಆದರೆ ಜನರ ಮತದಲ್ಲಿ ಅವರಿಗೆ ದಕ್ಕಿದ್ದು ಸುಮಾರು ಶೇ 59 ಮಾತ್ರ.

ಈ ಅಂತರಕ್ಕೆ ಕಾರಣ ಎಣಿಕೆಯ ಪದ್ಧತಿ. ಬಹುತೇಕ ರಾಜ್ಯಗಳಲ್ಲಿ ಒಂದೇ ಮತ ಹೆಚ್ಚು ಬಂದರೂ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳು ಗೆದ್ದವರಿಗೇ ಸೇರುತ್ತವೆ. ಮ್ಯಾಸಚೂಸೆಟ್ಸ್‌ನಲ್ಲಿ ರೇಗನ್ ಪಡೆದದ್ದು ಶೇ 51ರಷ್ಟು. ಅಲ್ಲಿನ 13 ಮತಗಳೂ ಅವರಿಗೇ ಹೋದವು. ಎದುರಾಳಿ ವಾಲ್ಟರ್ ಮಾಂಡೇಲ್ ತವರು ಮಿನ್ನೆಸೋಟವನ್ನು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ಉಳಿಸಿಕೊಂಡರು, ವಾಷಿಂಗ್ಟನ್ ಡಿ.ಸಿ. ಕೂಡ ಅವರದಾಯಿತು. ಗೆಲುವು ಭರ್ಜರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಾಂಡೇಲ್ ಅವರಿಗೆ ಮತ ಹಾಕಿದ ಮೂರೂಮುಕ್ಕಾಲು ಕೋಟಿ ಜನರನ್ನು ಲೆಕ್ಕದಿಂದ ಅಳಿಸಿಬಿಡುವುದು ಅನ್ಯಾಯ. ಅದೇ ವರ್ಷ ಅಮೆರಿಕ ಸಂಸತ್ತಿನ ಕೆಳಮನೆಯಾದ ಜನಪ್ರತಿನಿಧಿ ಸಭೆಯ ಬಹುಮತವೂ ಮಾಂಡೇಲ್ ಅವರ ಡೆಮಾಕ್ರಟಿಕ್ ಪಕ್ಷದ ಬಳಿಯೇ ಉಳಿಯಿತು.