ಒಂಬತ್ತಕ್ಷರದ ಭತ್ಯೆ

ಹೆಚ್ಚುವರಿ ದುಡಿಮೆಗೆ ಸಿಗುವ ಹಣಕ್ಕೂ ಆ ಹಣದ ಹೆಸರಿನ ಉದ್ದಕ್ಕೂ ವಿಲೋಮ ಸಂಬಂಧವಿದೆ ಎಂಬುದು ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ಕುಳಿತು ನಾನು ಕಂಡುಕೊಂಡಿರುವ ಸಿದ್ಧಾಂತ. ಕಾರ್ಖಾನೆಯವರ ‘ಓಟಿ’ಗೆ ಎರಡೇ ಅಕ್ಷರ, ಅದು ಸಂಬಳದ ಚೀಟಿಯಲ್ಲಿ ಪ್ರತ್ಯೇಕ ಸಾಲಾಗಿ ರಾಜಾರೋಷವಾಗಿ ಕುಳಿತಿರುತ್ತದೆ. ಬಾಡಿಗೆ ಕಾರಿನ ಚಾಲಕರ ‘ಬಾಟಾ’ಕ್ಕೂ ಎರಡೇ ಅಕ್ಷರ; ಪ್ರವಾಸ ಮುಗಿದು ನಾವು ಸಾಮಾನು ಇಳಿಸಿಕೊಳ್ಳುವಷ್ಟರಲ್ಲಿ ಅದು ಅವರ ಜೇಬು ಸೇರಿರುತ್ತದೆ. ಐದಕ್ಷರದ ‘ಗೌರವಧನ’ಕ್ಕೆ ಬಂದರೆ ಗೌರವ ಮುಂದೆ, ಧನ ಬಹಳ ಹಿಂದೆ. ಅಂಗನವಾಡಿ ಕಾರ್ಯಕರ್ತೆಯರು ದಿನವಿಡೀ ದುಡಿದು ಪಡೆಯುವುದು ಇದನ್ನೇ, ಮತ್ತು ಬೀದಿಗಿಳಿದು ಧರಣಿ ಕುಳಿತಾಗಲೆಲ್ಲ ಅವರು ಕೇಳುವುದು ಗೌರವವನ್ನು ಇಳಿಸಿ ವೇತನ ಕೊಡಿ ಎಂದೇ. ‘ಅತಿಥಿ ಉಪನ್ಯಾಸಕ’ರ ವಿಷಯವನ್ನು ನಾನು ಎತ್ತುವುದಿಲ್ಲ, ಹತ್ತಾರು ವರ್ಷ ಒಂದೇ ಮನೆಯಲ್ಲಿದ್ದರೂ ಅತಿಥಿಯಾಗಿಯೇ ಉಳಿಯುವವರು ನಮ್ಮಲ್ಲಿ ಅವರೊಬ್ಬರೇ.

ಈ ಸಿದ್ಧಾಂತಕ್ಕೆ ‘ಬಿಟ್ಟಿ’ ಅಡ್ಡ ಬರುತ್ತದೆಂದು ಯಾರಾದರೂ ಆಕ್ಷೇಪಿಸಬಹುದು. ಅಕ್ಷರ ಎರಡೇ ಇದ್ದರೂ ಕಾಸು ಸೊನ್ನೆ. ಆದರೆ ಈ ಪದ ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದೆಂದು ನಿಘಂಟುಗಳು ಹೇಳುತ್ತವೆ, ಕೌಟಿಲ್ಯನ ಅರ್ಥಶಾಸ್ತ್ರದ ಕಾಲಕ್ಕೇ ವಿಷ್ಟಿಯೆಂದರೆ ಕೂಲಿಯಿಲ್ಲದ ಕಡ್ಡಾಯ ಚಾಕರಿ. ಪಂಚಾಂಗದಲ್ಲಿಯೂ ವಿಷ್ಟಿಯೆಂಬ ಕರಣವೊಂದಿದ್ದು, ಭದ್ರಾ ಎಂಬ ಇನ್ನೊಂದು ಹೆಸರಿನ ಅದು ಯಾವ ಶುಭಕಾರ್ಯಕ್ಕೂ ಸಲ್ಲದು. ಬಿಟ್ಟಿಯೆಂದು ಹೇಳಿಯೇ ಬಿಟ್ಟಿ ದುಡಿಸುವುದರಲ್ಲಿ ಕನಿಷ್ಠ ಪ್ರಾಮಾಣಿಕತೆಯಾದರೂ ಇದೆಯೆಂದು ಅದನ್ನು ಅಪವಾದದ ಕಡತಕ್ಕೆ ಸೇರಿಸಿದ್ದೇನೆ.

ಇಷ್ಟೆಲ್ಲ ಸಂಶೋಧನೆಗೆ ಕಾರಣವಾದದ್ದು ನನಗೆ ಬಂದ ಒಂದು ಆದೇಶ. ಪಕ್ಕದ ಮೇಜಿನ ಸಹೋದ್ಯೋಗಿ ವರ್ಗವಾಗಿ ಹೋದ ಮೇಲೆ, ‘ತಮ್ಮ ಹಾಲಿ ಕರ್ತವ್ಯಗಳ ಜೊತೆಗೆ ಮುಂದಿನ ಆದೇಶದವರೆಗೆ ಸದರಿ ಹುದ್ದೆಯ ಹೆಚ್ಚುವರಿ ಪ್ರಭಾರವನ್ನು ವಹಿಸಿಕೊಳ್ಳತಕ್ಕದ್ದು’ ಎಂದು ನನಗೆ ಬರೆದರು. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ಇಂಥದ್ದಕ್ಕೆ ಭತ್ಯೆ ಕೊಡುವ ನಿಯಮ 68 ಇರುವುದರಿಂದ ಕಚೇರಿಯ ಹಿರಿಯರು ‘ನಿಮಗೆ ಅರವತ್ತೆಂಟು ಬಂತಲ್ರೀ’ ಎಂದು ಕೈಕುಲುಕಿದರು. ಆ ಆದೇಶದ ಪ್ರತಿಯನ್ನು ನನ್ನ ಅಂಗಿಯ ಜೇಬಿನಲ್ಲಿ ಕಂಡ ಹೆಂಡತಿ ‘ಪ್ರಭಾರ’ವನ್ನು ‘ಬಡ್ತಿ’ಯೆಂದು ಓದಿಕೊಂಡಳು. ಸಂಜೆಯ ವೇಳೆಗೆ ಸುದ್ದಿ ದಾವಣಗೆರೆಯ ತವರುಮನೆಗೆ ಮುಟ್ಟಿತ್ತು, ಮರುದಿನ ಬೆಣ್ಣೆಬಿಸ್ಕತ್ತಿನ ಪೊಟ್ಟಣದೊಂದಿಗೆ ಮಾವನವರೇ ಬಂದಿಳಿದರು.

ಮಾವನವರು ದಾವಣಗೆರೆಯ ಹತ್ತಿಗಿರಣಿಯಲ್ಲಿ ದುಡಿದು ನಿವೃತ್ತರಾದವರು. 1948ರ ಕಾರ್ಖಾನೆ ಕಾಯ್ದೆಯನ್ನು ಇತರರು ವಿಷ್ಣುಸಹಸ್ರನಾಮ ಹೇಳುವಂತೆ ಹೇಳಬಲ್ಲವರು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿ ದುಡಿಸಿಕೊಂಡರೆ ಆ ಮೀರಿದ ಹೊತ್ತಿಗೆ ಕೂಲಿ ಎರಡು ಪಟ್ಟು ಎನ್ನುತ್ತಿತ್ತು ಅದರ ಕಲಂ 59. ನನ್ನ ಪ್ರಭಾರದ ವಿವರವನ್ನೆಲ್ಲ ಕೇಳಿ, ಬಡ್ತಿಯಲ್ಲವೆಂಬುದು ಮನದಟ್ಟಾದ ಮೇಲೂ ಅವರು ಎದೆಗುಂದಲಿಲ್ಲ.

“ಅಳಿಯಂದ್ರೇ, ಬಡ್ತಿ ಹೋಗ್ಲಿ ಬಿಡ್ರಿ. ಎರಡು ಮೇಜು ಅಂದ್ರ ಎರಡಾಳಿನ ಕೆಲಸ. ಓಟಿ ಡಬಲ್ ಬರಬೇಕಲ್ಲ?”

“ಮಾವ, ನಮ್ಮದು ಕಾರ್ಖಾನೆಯಲ್ಲ, ಕಚೇರಿ.”

“ಹೊಗೆ ಬರಂಗಿಲ್ಲ ಅಂದ್ರ ಕಾರ್ಖಾನೆ ಅಲ್ಲೇನು?” ಎಂದವರು, ಭತ್ಯೆಯ ಮೊತ್ತ ಮೂಲವೇತನದ ಒಂದು ಸಣ್ಣ ಅಂಶವೆಂದು ನಾನು ವಿವರಿಸಿದಾಗ, ಬಿಸ್ಕತ್ತಿನ ಪೊಟ್ಟಣವನ್ನು ತಮ್ಮ ಕಡೆಗೆ ಸ್ವಲ್ಪ ಎಳೆದುಕೊಂಡರು.

ಅವರನ್ನು ಸಮಾಧಾನಪಡಿಸಲು ನಾನು ಇತಿಹಾಸದ ಮೊರೆಹೊಕ್ಕೆ. ಈ ಡಬಲ್ ಎಂಬುದು ದೊಡ್ಡವರನ್ನೂ ಕಾಡಿದೆ: ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಗಳಿಗೆ ಬಂಗಾಳದಲ್ಲಿ ಸಿಗುತ್ತಿದ್ದ ‘ಡಬಲ್ ಬಾಟಾ’ವನ್ನು 1766ರಲ್ಲಿ ಕ್ಲೈವ್ ನಿಲ್ಲಿಸಿದಾಗ, ಆ ದೊರೆಗಳು ಒಟ್ಟಾಗಿ ರಾಜೀನಾಮೆಗೆ ಮುಂದಾದರು, ಕ್ಲೈವ್ ಅದನ್ನು ಬಗ್ಗುಬಡಿದ. ಮಾವನವರು ಕಣ್ಣರಳಿಸಿ ಕೇಳಿ, ಅವರಿಗೆ ಯೂನಿಯನ್ ಸರಿಯಿರಲಿಲ್ಲವೆಂದು ಷರಾ ಬರೆದರು.

ಮುಂದೆ ಭತ್ಯೆಯ ಬಿಲ್ಲು ಮಾಡುವ ಸಂದರ್ಭ ಬಂತು. ಬಿಲ್ಲು ಬರೆಯುವುದು ನನ್ನ ಮೂಲ ಮೇಜಿನ ಕೆಲಸ. ಬರೆದ ಬಿಲ್ಲನ್ನು ಪರಿಶೀಲಿಸುವುದು ನಾನು ಪ್ರಭಾರದಲ್ಲಿದ್ದ ಮೇಜಿನ ಕೆಲಸ. ಹೀಗಾಗಿ ನಾನು ಬರೆದದ್ದನ್ನು ನಾನೇ ಪರಿಶೀಲಿಸಿ, ಎರಡು ಕಡೆ ಎರಡು ಬಗೆಯ ಸಂಕ್ಷಿಪ್ತ ಸಹಿ ಹಾಕಿ, ಅಧಿಕಾರಿಗಳ ಸಹಿಯೊಂದಿಗೆ ಕಳುಹಿಸಿದೆ. ಅದು ‘ತಯಾರಿಸಿದವರೂ ಪರಿಶೀಲಿಸಿದವರೂ ಒಬ್ಬರೇ ಆಗಿರುವ ಬಗ್ಗೆ ಸಮಜಾಯಿಷಿ ನೀಡುವುದು’ ಎಂಬ ಆಕ್ಷೇಪಣೆಯೊಂದಿಗೆ ಮರಳಿತು. ಸಮಜಾಯಿಷಿಯ ಕರಡು ಸಿದ್ಧಪಡಿಸುವುದು ಮತ್ತೆ ಮೂಲ ಮೇಜಿನ ಹೊಣೆ, ಕರಡನ್ನು ತಿದ್ದುವುದು ಪ್ರಭಾರದ ಮೇಜಿನದು. ಆ ಪತ್ರವ್ಯವಹಾರಕ್ಕಾಗಿ ನಾನು ಕಚೇರಿಯಲ್ಲಿ ದೀಪ ಹಚ್ಚಿಕೊಂಡು ಕುಳಿತ ಸಂಜೆಗಳಿಗೆ ಯಾವ ನಿಯಮದಲ್ಲಿಯೂ ಹೆಸರಿಲ್ಲ. ‘ಹೆಚ್ಚುವರಿ ಪ್ರಭಾರ ಭತ್ಯೆ’ಗೆ ಒಂಬತ್ತು ಅಕ್ಷರಗಳೆಂದು ಎಣಿಸಿದ್ದು ಅಂಥ ಒಂದು ಸಂಜೆಯಲ್ಲಿಯೇ.

ಬಿಲ್ಲಿನ ಗತಿ ಹೀಗಾದದ್ದನ್ನು ಕಂಡು ಮರುಗಿದ ನಮ್ಮ ಅಧಿಕಾರಿಗಳು, ನಾನು ಭಾನುವಾರವೊಂದರಂದು ಬಂದು ಕೆಲಸ ಮಾಡಿದ್ದಕ್ಕೆ ಪ್ರತಿಯಾಗಿ ‘ಪರಿಹಾರಾತ್ಮಕ ರಜೆ’ಯನ್ನಾದರೂ ಕೊಡಿಸುತ್ತೇನೆಂದರು. ಎಂಟಕ್ಷರದ ಆ ಹೆಸರು ಕೇಳಿದಾಗಲೇ ನನಗೆ ಅನುಮಾನ ಹುಟ್ಟಿತ್ತು. ದಿನಾಂಕವನ್ನು ಅವರೇ ಕಚೇರಿಯ ಅನುಕೂಲ ನೋಡಿ ತುಂಬಿ, ಮೊಹರು ಹಾಕಿಸಿ, ಸಂತೋಷದಿಂದ ನನ್ನ ಕೈಗಿತ್ತರು. ಮನೆಗೆ ತಂದು ಕ್ಯಾಲೆಂಡರಿನಲ್ಲಿ ನೋಡಿದರೆ ಅದು ತಿಂಗಳ ನಾಲ್ಕನೆಯ ಶನಿವಾರ. 2019ರಿಂದ ರಾಜ್ಯ ಸರ್ಕಾರಿ ನೌಕರರಿಗೆ ಹೇಗೂ ರಜೆ.

ಫೋನಿನಲ್ಲಿ ಈ ವಾರ್ತೆ ಕೇಳಿದ ಮಾವನವರು ಬಹಳ ಹೊತ್ತು ನಕ್ಕು, “ನೋಡ್ರಿ ಅಳಿಯಂದ್ರೇ, ಒಂದು ದಿನಕ್ಕ ಎರಡು ರಜೆ. ಕೊನೀಗೂ ಡಬಲ್ ಕೊಟ್ರಲ್ಲ!” ಎಂದರು.